ಮಿಕ್ಸಿಯ ಆಯಸ್ಸು ಯಾರ ಕೈಯಲ್ಲಿದೆ?

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯಬೇಕೆಂದರೆ ಮೊದಲು ಕಲ್ಲು ಅರೆಯಬೇಕು. ಗಣಿಯಿಂದ ಮೇಲೆ ಬಂದ ಅದಿರನ್ನು ಒಡೆದು, ಗಿರಣಿಗೆ ಹಾಕಿ ಹಿಟ್ಟು ಮಾಡಿದ ಮೇಲೆಯೇ ಅದರೊಳಗಿನ ಬಂಗಾರ ಕೈಗೆ ಹತ್ತುವುದು. ಇಂಥ ಗಿರಣಿಯ ಒಳಮೈಗೆ ಹೊದಿಸಿದ ಪದರ ಕಲ್ಲು ಅರೆದು ಅರೆದು ತಾನೂ ಸವೆಯುತ್ತದೆ; ಸವೆದಾಗ ಬದಲಿಸುತ್ತಾರೆ. ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸುಲಿಯುವ ರಬ್ಬರ್ ರೋಲುಗಳದೂ ಅದೇ ಕಥೆ. ಮಸ್ಕಿಯ ಹಿಟ್ಟಿನ ಗಿರಣಿಯಲ್ಲಿ ಜೋಳ ತರಿತರಿಯಾಗಿ ಬೀಳತೊಡಗಿದರೆ ಕಲ್ಲಿಗೆ ಹಲ್ಲು ಹಾಕಿಸುತ್ತಾರೆ. ಗಿರಣಿಯೇ ಹಾಳಾಯಿತು, ಹೊಸದು ತರೋಣ ಎಂದು ಯಾರೂ ಅನ್ನುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ನವಶಿಲಾಯುಗದ ನೆಲೆಯಲ್ಲಿ ಧಾನ್ಯ ಅರೆದು ಅರೆದು ಗುಳಿ ಬಿದ್ದ ಕಲ್ಲುಗಳು ಸಿಕ್ಕಿವೆ. ಅರೆಯುವುದು ಅರೆಯುತ್ತಲೇ ಸವೆಯುತ್ತದೆ ಎಂಬುದು ಈ ಸೀಮೆಗೆ ಅಷ್ಟು ಹಳೆಯ ತಿಳಿವಳಿಕೆ.

ಅಡುಗೆಮನೆಯ ಮಿಕ್ಸಿಗೆ ಮಾತ್ರ ಈ ನ್ಯಾಯ ಸಿಕ್ಕಿಲ್ಲ. ಅದು ನಿಂತ ದಿನ ಮನೆಯಲ್ಲಿ ಏಳುವುದು ಎರಡೇ ಮಾತು: ಕಂಪನಿಯವರು ಕಳಪೆ ಮಾಲು ಕೊಟ್ಟರು, ಇಲ್ಲವೇ ಮನೆಯಾಕೆಗೆ ಬಳಸಲು ಬರಲಿಲ್ಲ. ಎರಡರಲ್ಲೂ ಒಂದಿಷ್ಟು ಸತ್ಯವಿದ್ದೀತು. ಆದರೆ ಮಿಕ್ಸಿ ಐದು ವರ್ಷ ಬಾಳುತ್ತದೋ ಹದಿನೈದು ವರ್ಷವೋ ಎಂಬುದು ನಿಂತಿರುವುದು ಬೇರೆ ಎರಡು ಸಂಗತಿಗಳ ಮೇಲೆ. ಸವೆಯುವ ಭಾಗ ಯಾವುದೆಂದು ಮನೆಯವರಿಗೆ ಗೊತ್ತಿರಬೇಕು. ಆ ಭಾಗ ಊರಲ್ಲೇ ಸಿಗಬೇಕು.

ಮಿಕ್ಸಿಯ ಒಳಗೆ ಇರುವುದು ಬಹಳವೇನಲ್ಲ. ಬರಿದೇ ಓಡಿಸಿದರೆ ನಿಮಿಷಕ್ಕೆ ಸುಮಾರು 18ರಿಂದ 20 ಸಾವಿರ ಸುತ್ತು ಹೊಡೆಯುವ ಒಂದು ಮೋಟರು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಲು ಅದಕ್ಕೆ ಒತ್ತಿಕೊಂಡು ಕೂತ ಎರಡು ಕಾರ್ಬನ್ ಬ್ರಷ್‌ಗಳು. ಉಜ್ಜಿ ಉಜ್ಜಿ ಅವು ಗಿಡ್ಡವಾಗುತ್ತವೆ, ಆಗ ಒಳಗೆ ಕಿಡಿ ಹೆಚ್ಚಾಗಿ ಸುಟ್ಟ ವಾಸನೆ ಬರುತ್ತದೆ. ಮೋಟರಿನ ತಲೆಯ ಮೇಲೆ ಕಪ್ಲರ್. ಇದನ್ನು ಪ್ಲಾಸ್ಟಿಕ್ಕಿನಲ್ಲೋ ರಬ್ಬರಿನಲ್ಲೋ ಮಾಡಿರುವುದು ಜಿಪುಣತನವೆಂದು ಹಲವರು ತಿಳಿಯುತ್ತಾರೆ. ಬ್ಲೇಡಿಗೆ ಗಟ್ಟಿ ಅರಿಶಿನ ಕೊಂಬು ಸಿಕ್ಕಿ ಜಾರ್ ಗಕ್ಕನೆ ನಿಂತಾಗ ಯಾವುದಾದರೂ ಒಂದು ಮುರಿಯಲೇಬೇಕು. ಅಗ್ಗದ ಕಪ್ಲರ್ ಮುರಿದರೆ ದುಬಾರಿ ಮೋಟರು ಉಳಿಯುತ್ತದೆ. ತಳದಲ್ಲಿರುವ ಕೆಂಪು ಗುಂಡಿಯ ಕೆಲಸವೂ ಅಂಥದೇ: ಭಾರ ಮಿತಿಮೀರಿದರೆ ಕರೆಂಟು ಕಡಿಯುತ್ತದೆ, ಸ್ವಲ್ಪ ಆರಿದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಈ ಗುಂಡಿ ಇದೆಯೆಂದೇ ಗೊತ್ತಿಲ್ಲದೆ ಸರಿಯಿರುವ ಮಿಕ್ಸಿಯನ್ನು ರಿಪೇರಿಗೆ ಹೊತ್ತೊಯ್ಯುವವರಿದ್ದಾರೆ.

ಆದರೆ ಮೋಟರನ್ನು ಕೊಲ್ಲುವುದು ಹೆಚ್ಚಾಗಿ ಜಾರ್. ಸಿಂಧನೂರಿನ ಯಾವುದೇ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: “ಅಕ್ಕಾರ, ಮೊದಲು ಜಾರಿನ ಬುಷ್ ಹೋಗ್ಯಾದ್ರೀ. ನೀರು ಕೆಳಗ ಇಳದು ಮೋಟರ್ ಸುಟ್ಟಾದ.” ಬ್ಲೇಡಿನ ಕಂಬಿ ತಿರುಗುವುದು ಜಾರಿನ ತಳದ ಬುಷ್‌ನಲ್ಲಿ. ಅದು ಸಡಿಲಾದರೆ ಚಟ್ನಿಯ ನೀರು ಹನಿಹನಿಯಾಗಿ ಕಪ್ಲರಿನ ಮೇಲೆ, ಅಲ್ಲಿಂದ ಮೋಟರಿನ ಬೇರಿಂಗಿಗೆ, ಸುರುಳಿಗೆ ಇಳಿಯುತ್ತದೆ. ಜಾರ್ ಎತ್ತಿದಾಗ ಕೆಳಗೆ ಕಾಣುವ ಕಂದು ಕಲೆಯೇ ಮೊದಲ ಎಚ್ಚರಿಕೆ. ಆಗ ಬುಷ್ ಮತ್ತು ವಾಷರ್ ಬದಲಿಸಿದರೆ ಚಿಲ್ಲರೆ ಖರ್ಚಿನಲ್ಲಿ ಮುಗಿಯಿತು. ಒರೆಸಿ ಒರೆಸಿ ತಿಂಗಳುಗಟ್ಟಲೆ ಸಾಗಿಸಿದರೆ ಮೋಟರಿನ ಸುರುಳಿಯನ್ನೇ ಮತ್ತೆ ಸುತ್ತಿಸಬೇಕು.

ಮನೆ ಬದಲಾದರೆ ಸವೆತದ ಜಾಗವೂ ಬದಲಾಗುತ್ತದೆ. ಇದಕ್ಕೆ ಸಿಂಧನೂರು ತಾಲ್ಲೂಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿನ ಜೋಳದ ರೊಟ್ಟಿಯ ಮನೆಯಲ್ಲಿ ಮಿಕ್ಸಿಗೆ ಬೀಳುವುದು ಶೇಂಗಾ, ಗುರೆಳ್ಳು, ಅಗಸಿ. ಒಣಗಿದ, ಎಣ್ಣೆಯ ಕಾಳುಗಳು. ಅವುಗಳ ಜಿಡ್ಡು ಪುಡಿ ಗಾಳಿ ಕಂಡಿಗಳಲ್ಲಿ ಕೂತು ಮೋಟರಿನ ಉಸಿರು ಕಟ್ಟಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಂಬಾಲಿಸಿ ಬಂದ ಆಂಧ್ರದ ರೈತರ ಕ್ಯಾಂಪುಗಳಲ್ಲಿ ಇಡ್ಲಿ, ದೋಸೆಯ ಹಿಟ್ಟು. ತುಂಬಿದ ಜಾರು ಹೊತ್ತು ಮೋಟರು ಬಹಳ ಹೊತ್ತು ಓಡಬೇಕು, ಭಾರವೆಲ್ಲ ಬ್ರಷ್ ಮತ್ತು ಸುರುಳಿಯ ಮೇಲೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದವರ ಮನೆಯಲ್ಲಿ ಮೀನಿನ ಸಾರಿಗೆ ಸಾಸಿವೆ ಅರೆಯಬೇಕು. ಅದು ನೀರು ನೀರು, ಪರೀಕ್ಷೆ ಬುಷ್‌ನದು. ಒಂದೇ ಅಂಗಡಿಯ ಒಂದೇ ಮಾದರಿಯ ಮಿಕ್ಸಿ ಮೂರು ಮನೆಗಳಲ್ಲಿ ಮೂರು ರೀತಿ ಕೆಡುತ್ತದೆ. ಹೀಗಿರುವಾಗ ಎಲ್ಲರಿಗೂ ಒಂದೇ ಪುಟದ ಸೂಚನೆ ಕೊಟ್ಟು ಜೋಪಾನ ಮಾಡಿ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ.

ಇದರ ಮೇಲೆ ವೋಲ್ಟೇಜಿನ ಕಾಟ. 230 ವೋಲ್ಟಿಗೆಂದು ಮಾಡಿದ ಮೋಟರಿಗೆ ಅದಕ್ಕಿಂತ ತೀರ ಕಡಿಮೆ ಬಂದರೆ ವೇಗ ಇಳಿಯುತ್ತದೆ. ಮೋಟರನ್ನು ತಂಪಾಗಿಡುವ ಪಂಖವೂ ಅದೇ ಕಂಬಿಗೆ ಕೂತಿರುವುದರಿಂದ ಗಾಳಿಯೂ ಕಡಿಮೆಯಾಗುತ್ತದೆ. ನುಣ್ಣಗಾಗಲಿಲ್ಲವೆಂದು ನಾವು ಇನ್ನಷ್ಟು ಹೊತ್ತು ಓಡಿಸುತ್ತೇವೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಮೋಟರು ಆರುವುದಾದರೂ ಎಲ್ಲಿ? ಹಲವು ಮಿಕ್ಸಿಗಳ ತಳದ ಪಟ್ಟಿಯಲ್ಲಿ 30 ನಿಮಿಷ ಎಂದು ಬರೆದಿರುತ್ತದೆ. ಅದನ್ನು ಅರ್ಧ ತಾಸು ಎಡೆಬಿಡದೆ ಓಡಿಸಬಹುದು ಎಂದು ಓದಿಕೊಂಡವರು ಮೋಟರು ಸುಟ್ಟುಕೊಂಡಿದ್ದಾರೆ. ಸಾಮಾನ್ಯವಾಗಿ ಅದು 5 ನಿಮಿಷ ಓಟ, 2 ನಿಮಿಷ ಬಿಡುವು ಎಂಬ ಸುತ್ತುಗಳ ಲೆಕ್ಕ.

ವಾರಂಟಿ ಇದೆಯಲ್ಲ ಎನ್ನಬಹುದು. ಅದನ್ನು ಬಿಡಿಸಿ ಓದಬೇಕು. ಎರಡು ವರ್ಷ ಮಿಕ್ಸಿಗೆ, ಐದು ವರ್ಷ ಮೋಟರಿಗೆ ಎಂಬ ದೊಡ್ಡ ಅಕ್ಷರದ ಕೆಳಗೆ, ಬ್ರಷ್, ಕಪ್ಲರ್, ವಾಷರ್‌ನಂಥ ಸವೆಯುವ ಭಾಗಗಳಿಗೆ ಅನ್ವಯಿಸದು ಎಂಬ ಸಣ್ಣ ಅಕ್ಷರ ಬಹುತೇಕ ಇದ್ದೇ ಇರುತ್ತದೆ. ತಾನಾಗಿ ಅಪರೂಪಕ್ಕೆ ಕೆಡುವುದಕ್ಕೆ ಭರವಸೆ, ನಿತ್ಯ ಸವೆಯುವುದಕ್ಕೆ ಕೈತೊಳೆತ. ಸವೆಯುವ ಭಾಗವನ್ನು ಪುಕ್ಕಟೆ ಕೊಡಿ ಎಂದು ಕೇಳುವುದು ನ್ಯಾಯವಲ್ಲ, ಒಪ್ಪುತ್ತೇನೆ. ರಬ್ಬರ್ ರೋಲನ್ನು ಅಕ್ಕಿ ಗಿರಣಿಯವರೂ ದುಡ್ಡು ಕೊಟ್ಟೇ ತರುತ್ತಾರೆ. ಆದರೆ ಅವರಿಗೆ ಯಾವ ಅಳತೆಯದು, ಎಲ್ಲಿ ಸಿಗುತ್ತದೆ, ಯಾವಾಗ ಬದಲಿಸಬೇಕು ಎಂಬುದು ಗೊತ್ತು. ಮಿಕ್ಸಿ ಕೊಂಡವರಿಗೆ ಈ ಮೂರೂ ಗೊತ್ತಿಲ್ಲ. ಕಪ್ಲರಿನ ಹಲ್ಲು ಒಂದೊಂದು ಮಾದರಿಗೆ ಒಂದೊಂದು ಬಗೆ. ಮಸ್ಕಿಯಂಥ ಊರಿನ ಅಂಗಡಿಯವನು ಅಷ್ಟನ್ನೂ ತಂದು ಇಡುವುದೆಲ್ಲಿ? ಹತ್ತಿರದ ಅಳತೆಯ ಲೋಕಲ್ ಭಾಗ ಕೂರಿಸುತ್ತಾನೆ. ಅದು ಜಾರುತ್ತದೆ, ಗಡಗಡ ಅನ್ನುತ್ತದೆ. ಕೊನೆಗೆ ಬೈಸಿಕೊಳ್ಳುವವನು ಅವನೇ.

ಇಷ್ಟೆಲ್ಲ ಯಾಕೆ, ಕೆಟ್ಟರೆ ಹೊಸದು ತಂದರಾಯಿತು, ಹೊಸ ಯಂತ್ರ ಕರೆಂಟನ್ನೂ ಉಳಿಸುತ್ತದೆ ಎಂಬ ವಾದವಿದೆ. ಹಳೆಯ ಬುರುಡೆ ಬಲ್ಬಿನ ಮಟ್ಟಿಗೆ ಈ ವಾದ ಸರಿ. ತಾಸುಗಟ್ಟಲೆ ಉರಿಯುವ ಅದನ್ನು ತೆಗೆದು ಎಲ್ಇಡಿ ಹಾಕಿದ್ದರಿಂದ ಬಿಲ್ಲು ನಿಜಕ್ಕೂ ಇಳಿಯಿತು. ಮಿಕ್ಸಿಯ ಲೆಕ್ಕ ಬೇರೆ. 750 ವ್ಯಾಟಿನ ಮಿಕ್ಸಿ ದಿನಕ್ಕೆ 10 ನಿಮಿಷ ಪೂರ್ತಿ ಭಾರದಲ್ಲಿ ಓಡಿದರೂ ವರ್ಷಕ್ಕೆ ತಿನ್ನುವುದು ಸುಮಾರು 45 ಯೂನಿಟ್. ಅದರಲ್ಲಿ ಹೊಸದು ಉಳಿಸುವುದಾದರೂ ಎಷ್ಟು? ಇತ್ತ ಎಸೆದ ಮಿಕ್ಸಿಯಲ್ಲಿ ತಾಮ್ರ, ಉಕ್ಕು, ಪ್ಲಾಸ್ಟಿಕ್ಕು ಎಲ್ಲವೂ ಗಟ್ಟಿಮುಟ್ಟಾಗಿಯೇ ಇರುತ್ತವೆ. ದಿನವಿಡೀ ಓಡುವ ಯಂತ್ರ ಹಳತಾದರೆ ಬದಲಿಸುವುದರಲ್ಲಿ ಅರ್ಥವಿದೆ. ದಿನಕ್ಕೆ ಹತ್ತು ನಿಮಿಷ ಓಡುವುದನ್ನು ರಿಪೇರಿ ಮಾಡಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಹಾಗೆಂದು ಹಳೆಯದನ್ನೆಲ್ಲ ಹಿಡಿದುಕೊಂಡು ಕೂರಬೇಕಿಲ್ಲ. ವೈರಿನ ಸಿಪ್ಪೆ ಬಿರಿದಿದ್ದರೆ ಆ ದಿನವೇ ಬದಲಿಸಬೇಕು. ಮೈ ಒಡೆದಿದ್ದರೆ, ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಓಡಿಸಲೇಬಾರದು. ಸುರುಳಿ ಸುತ್ತಿಸುವ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದೇ ಲೇಸು. ಜೋಪಾನಕ್ಕೂ ಒಂದು ಕೊನೆ ಇರಬೇಕು. ಇಲ್ಲದಿದ್ದರೆ ಅದು ಬರೀ ಮಮಕಾರ.

ಕಾನೂನೂ ರಿಪೇರಿಯ ಕಡೆಗೆ ಹೊರಳುತ್ತಿದೆ. ಫ್ರಾನ್ಸಿನಲ್ಲಿ 2021ರಿಂದ ಕೆಲವು ವಸ್ತುಗಳ ಮೇಲೆ, ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಹತ್ತಕ್ಕೆ ಇಷ್ಟು ಅಂಕವೆಂದು ಅಂಗಡಿಯಲ್ಲೇ ತೋರಿಸಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ವಾಹನಗಳ ಜೊತೆಗೆ ಗೃಹಬಳಕೆಯ ವಸ್ತುಗಳೂ ಅದರಲ್ಲಿವೆ. ಒಳ್ಳೆಯದೇ. ಆದರೆ ಮಾಹಿತಿ ಪೋರ್ಟಲ್‌ನಲ್ಲಿ, ಬುಷ್ ದೂರದ ನಗರದಲ್ಲಿ ಇದ್ದರೆ ಮಸ್ಕಿಯ ಅಡುಗೆಮನೆಗೆ ಆ ಹಕ್ಕು ತಲುಪಿದಂತಾಗದು. ಕಪ್ಲರು, ಬುಷ್‌ಗಳ ಅಳತೆಗಳನ್ನು ಎಲ್ಲ ಕಂಪನಿಗಳೂ ಒಪ್ಪುವ ನಾಲ್ಕಾರಕ್ಕೆ ಇಳಿಸಿದರೆ ಯಾವ ಸೇವಾ ಕೇಂದ್ರವೂ ಇಲ್ಲದ ಊರಿನಲ್ಲಿ ಕೂಡ ಮಿಕ್ಸಿ ರಿಪೇರಿಯಾಗುತ್ತದೆ. ಜೊತೆಗೆ ಸವೆಯುವ ಭಾಗಗಳ ಚಿತ್ರ, ಅಳತೆ, ಬೆಲೆ ಇರುವ ಒಂದು ಹಾಳೆ ಕನ್ನಡದಲ್ಲಿ ಪೆಟ್ಟಿಗೆಯೊಳಗೇ ಇರಲಿ.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿ ಒಂದು ಅಸ್ತ್ರವಿದೆ. ಶೋರೂಮಿಗೆ ಹೋಗುವ ಮುಂಚೆ ರಿಪೇರಿ ಅಂಗಡಿಗೆ ಹೋಗಿ, ಯಾವ ಮಾದರಿಯ ಬುಷ್, ಬ್ರಷ್, ಕಪ್ಲರ್ ನಿಮ್ಮಲ್ಲಿ ಸದಾ ಇರುತ್ತದೆ ಎಂದು ಕೇಳಬೇಕು. ಆ ಅಂಗಡಿಯವನ ಡಬ್ಬಿಯಲ್ಲಿ ಭಾಗಗಳಿಲ್ಲದ ಮಿಕ್ಸಿ ಅರ್ಧ ಬೆಲೆಗೆ ಸಿಕ್ಕರೂ ತುಟ್ಟಿಯೇ. ಇಡೀ ಊರು ಹೀಗೆ ಕೇಳಿ ಕೊಳ್ಳತೊಡಗಿದರೆ, ಆ ಡಬ್ಬಿ ತುಂಬಿಸುವ ಚಿಂತೆ ಕಂಪನಿಗಳಿಗೆ ತಾನಾಗಿಯೇ ಹತ್ತುತ್ತದೆ.