ಸರಳು ಸೆರೆಯಲ್ಲ

ಮಲೆನಾಡಿನ ಹಳೆಯ ತೊಟ್ಟಿಮನೆ ಹೋಂಸ್ಟೇ ಆಗುವಾಗ ಕಿಟಕಿಯ ಮರದ ಸರಳುಗಳಿಗೆ ಕುತ್ತು. ‘ಕಂಬಿ ಎಣಿಸಿದ ಹಾಗಾಗುತ್ತದೆ, ನೋಟಕ್ಕೆ ಅಡ್ಡ’ ಎಂದು ಅವನ್ನು ಕಿತ್ತು, ತೆರೆಯಲು ಬಾರದ ಒಂದೇ ಗಾಜು ಕೂರಿಸುತ್ತಾರೆ. ಇದಕ್ಕೆ ‘ಜೀರ್ಣೋದ್ಧಾರ’ ಎಂಬ ಹೆಸರು ಬೇರೆ!

ಸೆರೆ ಯಾವುದು? ಕದ ತೆರೆದಿಟ್ಟೇ ಮಲಗಬೇಕು. ಕೋತಿ, ಕಳ್ಳ ನುಸುಳಬಾರದು. ಗಾಳಿ ಮಾತ್ರ ರಾತ್ರಿಯಿಡೀ ಆಡಬೇಕು. ಬಡಗಿ ಸಾಲಾಗಿ ಸರಳು ನಿಲ್ಲಿಸಿದ್ದು ಇದಕ್ಕೇ. ಗಾಜು ಬಿಸಿಲನ್ನು ಒಳಬಿಡುತ್ತದೆ, ಶಾಖವನ್ನು ಹೊರಬಿಡದು. ಆಮೇಲೆ ಎ.ಸಿ. ಬೇಕು, ಅದಕ್ಕೆ ಕರೆಂಟು ಬೇಕು.

ಸರಳಿನ ಹಿಂದೆ ಹೆಂಗಸರನ್ನು ಕೂರಿಸಿದ್ದರು ಎನ್ನುತ್ತೀರಾ? ನಿಜ. ಆದರೆ ಅವರನ್ನು ತಡೆದದ್ದು ಕಿಟಕಿಯಲ್ಲ, ಹೆಬ್ಬಾಗಿಲು. ಅಂಗಳದ ಮಾತು, ಊರಿನ ಸುದ್ದಿ ಅವರಿಗೆ ತಲುಪಿದ್ದು ಈ ಸರಳುಗಳ ಸಂದಿನಲ್ಲೇ. ಪರಂಪರೆಯ ಹೆಸರಲ್ಲಿ ಬಾಡಿಗೆ ಎಣಿಸುವವರು ಆ ಸಂದನ್ನು ಮುಚ್ಚದಿರಲಿ.