ಮರಿಯ ಬಣ್ಣ ನಂಬಿ ಬೆಲೆ ಕಟ್ಟಬೇಡಿ

ಅಲಂಕಾರಿಕ ಸ್ನೇಕ್‌ಹೆಡ್ ಮೀನು ಸಾಕುವವರು ಬೆರಳುದ್ದದ ಮರಿಗಳಲ್ಲಿ ಅತಿ ಗಾಢ ಬಣ್ಣದ್ದನ್ನೇ ಆರಿಸಬೇಕು, ಚಿತ್ತಾರ ಹುಟ್ಟಿನಲ್ಲೇ ನಿಗದಿಯಾಗಿರುತ್ತದೆ, ದುಪ್ಪಟ್ಟು ಬೆಲೆ ಕೊಟ್ಟರೂ ನಷ್ಟವಿಲ್ಲ ಎಂಬುದು ಪ್ರಕಟವಾದ ಲೇಖನವೊಂದರ ವಾದ. ಚಿತ್ತಾರದಲ್ಲಿ ವಂಶದ ಪಾಲಿದೆ ಎನ್ನುವ ಮಟ್ಟಿಗೆ ಇದು ಸರಿ. ಆದರೆ ವಂಶದಲ್ಲಿರುವುದೆಲ್ಲ ಮರಿಯ ಮೈಮೇಲೆ ಆಗಲೇ ಕಾಣುತ್ತದೆ ಎನ್ನಲು ಆಧಾರವೆಲ್ಲಿ? ಆಗ್ನೇಯ ಏಷ್ಯಾದ ಚನ್ನಾ ಮೈಕ್ರೋಪೆಲ್ಟಿಸ್ ಎಂಬ ಸ್ನೇಕ್‌ಹೆಡ್ ಮರಿಯ ಕೆಂಪು ಮೈಯನ್ನೂ ಕಪ್ಪು ಪಟ್ಟೆಗಳನ್ನೂ ನೋಡಿ ಕೊಂಡವರಿಗೆ ಕೊನೆಗೆ ಉಳಿಯುವುದು ನೀಲಿ ಬೆರೆತ ಕಪ್ಪು ಮಚ್ಚೆಗಳ ಬೇರೆಯದೇ ಮೀನು. ಭಾರತದ್ದೇ ಆದ ಚನ್ನಾ ಮರುಲಿಯಸ್ ಮರಿಯ ಕಿತ್ತಳೆ ಪಟ್ಟಿಯೂ ನಿಲ್ಲುವುದಿಲ್ಲ. ಬಿಳಿ ಚುಕ್ಕೆಗಳು ಮೂಡುವುದು ಬೆಳೆಯುತ್ತ ಹೋದಂತೆ.

ಇನ್ನು ಗಾಢತೆಯ ಮಾತು. ಮೀನಿನ ಚರ್ಮದ ವರ್ಣಕೋಶಗಳಲ್ಲಿನ ಕಪ್ಪು ವರ್ಣದ್ರವ್ಯ ಹಿನ್ನೆಲೆಗೆ, ಬೆಳಕಿಗೆ, ಬೆದರಿಕೆಗೆ ತಕ್ಕಂತೆ ಹರಡುತ್ತದೆ, ಕುಗ್ಗುತ್ತದೆ. ಕಪ್ಪು ತೊಟ್ಟಿಯಲ್ಲಿ ಮಿರುಗಿದ ಮರಿ ಬಿಳಿ ಬಕೆಟ್ಟಿನಲ್ಲಿ ಪೇಲವವಾಗುವುದು ಅದಕ್ಕೇ (ಮಾರುವವರಿಗೆ ಇದು ಚೆನ್ನಾಗಿ ಗೊತ್ತು). ಹಾಗಾದರೆ ಆರಿಸುವುದೇ ವ್ಯರ್ಥವೇ ಎಂದು ಕೇಳಬಹುದು. ವ್ಯರ್ಥವಲ್ಲ, ನೋಡುವ ಜಾಗ ತಪ್ಪಿದೆ ಅಷ್ಟೆ. ವಂಶವೇ ಎಲ್ಲ ಎನ್ನುವ ಲೇಖಕರು ಮೊದಲು ತಂದೆತಾಯಿ ಮೀನುಗಳನ್ನು ನೋಡಿ ಎನ್ನಬೇಕಿತ್ತು. ಆ ಮಾತೇ ಅವರಲ್ಲಿಲ್ಲ. ಹೊಳೆಯಿಂದ ಹಿಡಿದು ತಂದ ಮರಿಗಂತೂ ಆ ಪುರಾವೆಯೂ ಇರದು. ನೆಟ್ಟಗಿನ ಬೆನ್ನು, ಹರಿಯದ ರೆಕ್ಕೆ, ಚುರುಕಾಗಿ ಮೇವು ಹಿಡಿಯುವ ಗುಣ, ಒಡಹುಟ್ಟಿದವುಗಳ ಜೊತೆ ಹೋಲಿಸಿದ ಬೆಳವಣಿಗೆ ಇವನ್ನು ಮರಿಯಲ್ಲೇ ಪರೀಕ್ಷಿಸಬಹುದು. ಗಾಢ ಬಣ್ಣಕ್ಕೆಂದೇ ಹೆಚ್ಚು ಹಣ ಕೇಳಿದರೆ, ಅದೇ ಮರಿಯನ್ನು ಬಿಳಿ ಪಾತ್ರೆಗೆ ಹಾಕಿ ತೋರಿಸಲು ಹೇಳಿ.