ಕಂಟ್ರೋಲ್ ಎಲ್ ಒತ್ತೋ ಮುಂಚೆ

ನಮ್ಮ ರಾಜ್ಯೋತ್ಸವದ ಪೋಸ್ಟರ್‌ಗೆ ಶರಾವತಿ ನದಿಯ ನಕಾಶೆ ಹಾಕೋಣ ಅಂತ ತೀರ್ಮಾನ ಆಯ್ತು. ಕೆಲಸ ನನ್ನ ತಲೆಗೆ ಬಿತ್ತು. ಉಪಗ್ರಹ ಚಿತ್ರದ ಸ್ಕ್ರೀನ್‌ಶಾಟ್ ತೆಗೆದೆ, ಇಂಕ್‌ಸ್ಕೇಪ್‌ಗೆ ಹಾಕಿದೆ, ಟ್ರೇಸ್ ಬಿಟ್‌ಮ್ಯಾಪ್ ಕೊಟ್ಟೆ. ಒಂದೇ ನಿಮಿಷದಲ್ಲಿ ಇಡೀ ಹಿನ್ನೀರು ರೆಡಿ. ಆದ್ರೆ ನೋಡ್ ಟೂಲ್ ಹಿಡಿದು ನೋಡಿದ್ರೆ ದಡದ ಉದ್ದಕ್ಕೂ ಇರುವೆ ಸಾಲು ಹೊರಟ ಹಾಗೆ ನೋಡ್‌ಗಳು! ಕೆಳಗಿನ ಸ್ಟೇಟಸ್ ಬಾರ್ ಸಾವಿರಗಳಲ್ಲಿ ಲೆಕ್ಕ ಹೇಳ್ತಿತ್ತು, ಲ್ಯಾಪ್‌ಟಾಪ್ ಏದುಸಿರು ಬಿಡ್ತಿತ್ತು. ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಕಂಟ್ರೋಲ್ ಎಲ್, ಅಂದ್ರೆ ಸಿಂಪ್ಲಿಫೈ. ಸಾಲದು ಅಂತ ಮೇಲಿಂದ ಮೇಲೆ ಇನ್ನೆರಡು ಸಲ. ಹಿನ್ನೀರು ಗೇರುಬೀಜದ ಥರ ನುಣ್ಣಗಾಯ್ತು. ನೋಡೋಕೆ ಚೆನ್ನಾಗೇ ಇತ್ತು.

ತುಮರಿ ಕಡೆಯ ಗೆಳೆಯನೊಬ್ಬ ಅದನ್ನ ನೋಡಿ, "ಎಂತ ಮಾರಾಯ, ನಮ್ಮೂರನ್ನ ಇನ್ನೊಂದ್ಸಲ ಮುಳುಗಿಸಿಬಿಟ್ಯಲ್ಲ!" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ರೂಮಿಗೆ ಹೋಗಿ ಉಪಗ್ರಹ ಚಿತ್ರದ ಮೇಲೆ ನನ್ನ ಗೆರೆ ಇಟ್ಟು ನೋಡಿದಾಗ ನಗು ನಿಂತಿತು. ನೀರಿಗೆ ಚಾಚಿಕೊಂಡಿದ್ದ ನೆಲದ ನಾಲಿಗೆಗಳು ಹೋಗಿದ್ದವು. ಇತ್ತ ಹಳ್ಳಗಳ ಬಾಯಲ್ಲಿ ಒಳಗೆ ನುಗ್ಗಿದ್ದ ನೀರು ಒಣ ನೆಲವಾಗಿತ್ತು.

ನನ್ನ ಮಾತು ಇಷ್ಟೇ: ನೋಡ್ ಅಳಿಸೋದು ಅಂದ್ರೆ ಬರೀ ಕ್ಲೀನಿಂಗ್ ಅಲ್ಲ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನೋ ತೀರ್ಮಾನ ಅದು. ಆ ತೀರ್ಮಾನವನ್ನು ಒಂದು ಶಾರ್ಟ್‌ಕಟ್ ಕೀಗೆ ಬಿಟ್ಟುಕೊಡಬಾರದು.

ಈ ಗೆರೆಯ ಹಿಂದೆ ಏನಿದೆ ನೋಡಿ. ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕು ದಾಟಿ ಸಾಗರ ತಾಲ್ಲೂಕಿಗೆ ಬರುತ್ತೆ. ಅಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಅದನ್ನ ತಡೆದು ನಿಲ್ಲಿಸಿದೆ. ಪೂರ್ಣ ಮಟ್ಟ 1819 ಅಡಿ. ಸಾಗರ, ಹೊಸನಗರ ಎರಡೂ ತಾಲ್ಲೂಕುಗಳಲ್ಲಿ ನೀರು ಹರಡಿರೋದು ಸುಮಾರು 300 ಚದರ ಕಿಲೋಮೀಟರ್. ಅಂದ್ರೆ ನಾವು 'ದಡ' ಅಂತ ಎಳೆಯೋದು 1819 ಅಡಿಯ ಸಮೋನ್ನತ ರೇಖೆಯನ್ನು. ಆ ಗೆರೆಯ ಒಳಗೆ ಬಿದ್ದ ಮನೆ, ಗದ್ದೆ, ತೋಟ ಎಲ್ಲ ನೀರಿಗೆ ಹೋದವು, ಹೊರಗೆ ಉಳಿದವರು ಉಳಿದರು. ಸಾಗರದ ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳು ಹುಟ್ಟಿದ್ದು ಈ ನೀರಿನ ಅಂಚಿನಲ್ಲೇ. ಸಂತ್ರಸ್ತರ ಭೂಮಿ ಹಕ್ಕಿನ ಪ್ರಶ್ನೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಇನ್ನು ಸಾಫ್ಟ್‌ವೇರ್ ಕಡೆ ಬರೋಣ. ಬೆಜಿಯೆ ಕರ್ವ್‌ನ ಒಂದು ತುಂಡಿಗೆ ಬೇಕಾಗೋದು ನಾಲ್ಕೇ ಬಿಂದು: ಎರಡು ತುದಿಯ ನೋಡ್, ಎರಡು ಹ್ಯಾಂಡಲ್. 1960ರ ಆಸುಪಾಸಿನಲ್ಲಿ ಫ್ರಾನ್ಸಿನ ಸಿಟ್ರೊಯೆನ್, ರೆನೋ ಕಂಪನಿಗಳಲ್ಲಿ ಕಾರಿನ ಮೈಯನ್ನು ಗಣಿತದಲ್ಲಿ ಹಿಡಿಯೋಕೆ ಇದು ಬೆಳೆದು ಬಂತು. ಕಾರಿನ ಬಾನೆಟ್ ನುಣುಪಾಗಿರಬೇಕು, ಸರಿ. ಆದ್ರೆ ಮಲೆನಾಡಿನ ಹಿನ್ನೀರು ಕಾರಿನ ಬಾನೆಟ್ ಅಲ್ಲವಲ್ಲ! ಇಲ್ಲಿ ನೀರು ಗುಡ್ಡಗಳ ನಡುವಿನ ಕಣಿವೆಗಳಿಗೆ ನುಗ್ಗಿ ನಿಂತಿದೆ. ಹಳ್ಳ ಬಂದು ಸೇರೋ ಕಡೆಯೆಲ್ಲ ದಡ ಒಂದು ಚೂಪು ಮೂಲೆಯಾಗುತ್ತೆ. ಸಿಂಪ್ಲಿಫೈ ಮೊದಲು ತಿನ್ನೋದು ಅಂಥ ಮೂಲೆಗಳನ್ನೇ.

ಹಾಗಾಗಿ ಎರಡನೇ ಸಲ ಕೈಯಿಂದಲೇ ಎಳೆದೆ. ಚಿತ್ರವನ್ನು ಕೆಳಗಿನ ಲೇಯರ್‌ನಲ್ಲಿ ಲಾಕ್ ಮಾಡಿ ಪೆನ್ ಟೂಲ್ ಹಿಡಿದೆ. ಅಂಬುತೀರ್ಥದಿಂದ ಹೊಸನಗರದ ಕಡೆಗೆ ನದಿ ಸಣ್ಣದು. ಅಲ್ಲಿ ತಿರುವು ತಿರುವಿಗೆ ಒಂದೊಂದು ಸ್ಮೂತ್ ನೋಡ್ ಸಾಕು, ಶಿಫ್ಟ್ ಎಸ್. ಹಿನ್ನೀರಿನ ಮೂಲೆಗಳಿಗೆ ಕಸ್ಪ್ ನೋಡ್, ಶಿಫ್ಟ್ ಸಿ. ಆಗ ಎರಡು ಹ್ಯಾಂಡಲ್‌ಗಳೂ ತಮ್ಮ ತಮ್ಮ ದಿಕ್ಕಿಗೆ ಹೋಗ್ತವೆ, ಮೂಲೆ ಚೂಪಾಗೇ ಉಳಿಯುತ್ತೆ. ನೇರ ಬೇಕಾದ ತುಂಡಿಗೆ ಶಿಫ್ಟ್ ಎಲ್. ಸಿಗಂದೂರು ಸೇತುವೆಗೆ ಪೋಸ್ಟರ್ ಅಳತೆಯಲ್ಲಿ ಎರಡೇ ನೋಡ್, ಅಂಬಾರಗೋಡ್ಲುವಿನಲ್ಲಿ ಒಂದು, ಕಳಸವಳ್ಳಿಯಲ್ಲಿ ಇನ್ನೊಂದು. ಈ ಎರಡು ನೋಡ್ ಸೇರೋಕೆ ಆ ಕಡೆಯ ಜನ ಲಾಂಚ್ ಹತ್ತಿಳಿಯುತ್ತಾ 2025ರ ಜುಲೈವರೆಗೆ, ಅಂದ್ರೆ ಅರವತ್ತು ವರ್ಷ, ಕಾಯಬೇಕಾಯ್ತು.

ಒಂದೊಂದೇ ನೋಡ್ ಆರಿಸೋದು ಅಂದ್ರೆ ಗೋಳು ಅಂತ ನಾನೂ ಅಂದ್ಕೊಂಡಿದ್ದೆ. ಹಾಗೇನಿಲ್ಲ. ಟ್ಯಾಬ್ ಒತ್ತಿದ್ರೆ ಮುಂದಿನ ನೋಡ್‌ಗೆ ಹೋಗುತ್ತೆ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದ್ರೆ ಇನ್ನೊಂದು ಸೇರುತ್ತೆ. ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಹೊಸ ನೋಡ್ ಹುಟ್ಟುತ್ತೆ. ಅಳಿಸುವಾಗಲೂ ಎರಡು ದಾರಿ ಇವೆ: ಬರೀ ಡಿಲೀಟ್ ಒತ್ತಿದ್ರೆ ಪಕ್ಕದ ಹ್ಯಾಂಡಲ್‌ಗಳು ಹೊಂದಿಕೊಂಡು ಹಳೇ ಆಕಾರವನ್ನು ಆದಷ್ಟು ಉಳಿಸಿಕೊಳ್ತವೆ. ಕಂಟ್ರೋಲ್ ಡಿಲೀಟ್ ಒತ್ತಿದ್ರೆ ಆ ಮುಲಾಜಿಲ್ಲ. ಒಂದು ನೋಡ್ ಅಳಿಸಿ, ಗೆರೆ ಅಲುಗಾಡಿತಾ ನೋಡಿ. ಅಲುಗಾಡಲಿಲ್ಲ ಅಂದ್ರೆ ಅದು ಬೇಕಿರಲಿಲ್ಲ. ಕೆಟ್ಟರೆ ಕಂಟ್ರೋಲ್ ಝಡ್ ಇದ್ದೇ ಇದೆ. ಕೊನೆಗೆ ನನ್ನ ನಕಾಶೆ ಇನ್ನೂರರೊಳಗಿನ ನೋಡ್‌ಗಳಲ್ಲಿ ಮುಗೀತು. ಫೈಲೂ ಹಗುರ, ತುಮರಿಯ ನೆಲವೂ ನೆಲದಲ್ಲೇ ಇದೆ.

"ಒಂದು ಪೋಸ್ಟರ್‌ಗೆ ಇಷ್ಟೆಲ್ಲ ಬೇಕಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಘದ ಲೋಗೋ ಮಾಡುವಾಗ ನಾನೂ ಕಡಿಮೆ ನೋಡ್ ಪಕ್ಷದವನೇ, ಅಲ್ಲಿ ನುಣುಪೇ ಗುಣ. ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಹೋಗಬೇಕು ಅನ್ನೋ ರಾತ್ರಿ ಟ್ರೇಸ್ ಮಾಡೋದನ್ನೂ ತಪ್ಪು ಅನ್ನಲ್ಲ. ನಕಾಶೆಯನ್ನೂ ಸರಳ ಮಾಡಲೇಬೇಕು, ಇಡೀ ದಡ ಅಂಗೈಯಗಲದ ಕಾಗದದಲ್ಲಿ ಹಿಡಿಯಲ್ಲ. ನಾನು ಬೇಡ ಅನ್ನೋದು, ಸರಳ ಮಾಡಿದವನಿಗೇ ತಾನು ಏನು ಕಳೆದೆ ಅನ್ನೋದು ಗೊತ್ತಿಲ್ಲದ ಸ್ಥಿತಿಯನ್ನು.

ಯಾಕಂದ್ರೆ ನಾವು ಪೋಸ್ಟರ್ ಮಾಡ್ತಾನೇ ಇರಲ್ಲ. ನಮ್ಮಲ್ಲಿ ಕೆಲವರು ನಾಳೆ ರಸ್ತೆಯ ಅಲೈನ್‌ಮೆಂಟ್ ಎಳೀತಾರೆ, ಕೆಲವರು ಜಲಾಶಯದ ಮಟ್ಟ ಗುರುತಿಸ್ತಾರೆ, ಇನ್ನು ಕೆಲವರು ಅಂಥ ಗೆರೆಗಳನ್ನು ಎಳೆಯೋ ಸಾಫ್ಟ್‌ವೇರನ್ನೇ ಬರೀತಾರೆ. ಅಲ್ಲೂ ಸೆಲೆಕ್ಟ್ ಆಲ್ ಇರುತ್ತೆ, ಸಿಂಪ್ಲಿಫೈ ಇರುತ್ತೆ. ಆದ್ರೆ ಯಾರದೋ ತೋಟ ಗೆರೆಯ ಆ ಕಡೆ ಹೋಗಿಬಿಟ್ಟ ಮೇಲೆ ಅಲ್ಲಿ ಕಂಟ್ರೋಲ್ ಝಡ್ ಇರಲ್ಲ. ಒಂದೊಂದೇ ನೋಡ್ ನೋಡಿ ಅಳಿಸೋ ಅಭ್ಯಾಸವನ್ನು ಈಗಲೇ, ಪೋಸ್ಟರ್‌ನಲ್ಲೇ ಮಾಡ್ಕೊಳ್ಳೋಣ.